ಅಳತೆಗೆ ನಿಂತವಳು

ಉಪ್ಪಿನಂಗಡಿ ಪೇಟೆಯಲ್ಲಿ ದುಗ್ಗಮ್ಮನ ಬೆನ್ನು ನೋಡದವರು ಇರಲಿಕ್ಕಿಲ್ಲ. ಜವುಳಿ ಅಂಗಡಿಯ ಕ್ಯಾಲೆಂಡರಿನಲ್ಲಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ, ಕ್ಷೌರದಂಗಡಿಯ ಕನ್ನಡಿಯ ಪಕ್ಕದಲ್ಲಿ ಅದೇ ಚಿತ್ರ: ನೇತ್ರಾವತಿಯೂ ಕುಮಾರಧಾರೆಯೂ ಕೂಡುವ ಜಾಗ, ಚಳಿಗಾಲದ ಬೆಳಗಿನ ಮಂಜು, ಮಂಜಿನಿಂದ ಮೇಲೆದ್ದ ದೇವಸ್ಥಾನದ ಹೆಂಚಿನ ಮಾಡು, ಹೊಳೆಗಿಳಿಯುವ ಕಲ್ಲಿನ ಮೆಟ್ಟಿಲುಗಳು. ಮೆಟ್ಟಿಲಿನ ಮೇಲೆ ಕೊಡಪಾನ ಸೊಂಟಕ್ಕಿಟ್ಟು, ಹೊಳೆಗೆ ಬೆನ್ನು ಹಾಕಿ, ಊರಿನ ಕಡೆ ಮುಖ ಮಾಡಿ ನಿಂತ ಒಬ್ಬ ಹೆಂಗಸು. ವರ್ಷಕ್ಕೊಂದರಂತೆ ಕ್ಯಾಲೆಂಡರುಗಳು ಬಂದವು. ಮೊದಮೊದಲು ಆ ಹೆಂಗಸಿನ ಜಡೆ ಸೊಂಟದವರೆಗಿತ್ತು. ಆಮೇಲೆ ಜಡೆ ತುರುಬಾಯಿತು, ತುರುಬು ಸಣ್ಣದಾಯಿತು. ಈಚಿನ ಚಿತ್ರಗಳಲ್ಲಿ ಒಂದು ಭುಜ ವಾಲಿದೆ. ತಾರೀಕು ನೋಡಲು ಕ್ಯಾಲೆಂಡರಿನ ಮುಂದೆ ನಿಲ್ಲುವವರು ಇದನ್ನೆಲ್ಲ ಗಮನಿಸಿದವರಲ್ಲ. ದುಗ್ಗಮ್ಮ ಗಮನಿಸಿದ್ದಳು. ತನಗೆ ವಯಸ್ಸಾದದ್ದನ್ನು ಬೆನ್ನಿನ ಕಡೆಯಿಂದ ನೋಡಿ ತಿಳಿದುಕೊಂಡ ಹೆಂಗಸು ಈ ಸೀಮೆಯಲ್ಲಿ ಅವಳೊಬ್ಬಳೇ ಇರಬೇಕು.

ಚಿತ್ರ ತೆಗೆಯುವವನು ಅವಳ ಗಂಡ ಪದ್ಮಯ್ಯ.

ಪದ್ಮಯ್ಯ ಕಲ್ಲುಗುಂಡಿಯವನು. ಮನೆಯ ಜಾಗವನ್ನು ಅಣ್ಣ ಬೆಳ್ಯಪ್ಪನ ಕೈಗೆ ಬಿಟ್ಟು, ಪುತ್ತೂರಿನ ಒಂದು ಸ್ಟುಡಿಯೊದಲ್ಲಿ ಕತ್ತಲೆಕೋಣೆಯ ಕೆಲಸ ಕಲಿತು, ಉಪ್ಪಿನಂಗಡಿಯಲ್ಲಿ ಬಸ್ಸು ನಿಲ್ಲುವಲ್ಲಿಯೇ ಒಂದು ಕೋಣೆ ಹಿಡಿದ. ಹುಟ್ಟೂರಿನ ಹೊಳೆಯ ನೆನಪಿಗೆ ‘ಪಯಸ್ವಿನಿ ಸ್ಟುಡಿಯೊ’ ಎಂದು ಬೋರ್ಡು ಬರೆಸಿದ. ಬೋರ್ಡು ಏರಿಸುವ ದಿನ, ಆಗ ಕಡವಿನ ದೋಣಿ ನಡೆಸುತ್ತಿದ್ದ ಅದ್ರಾಮ ಕೆಳಗೆ ನಿಂತು ಓದಿ, “ಇಲ್ಲಿ ಎರಡು ಹೊಳೆ ಉಂಟು ಮಾರಾಯ. ನೀನು ಮೂರನೆಯದ್ದನ್ನೂ ಹೊತ್ತುಕೊಂಡು ಬಂದದ್ದು ಎಂತಕ್ಕೆ? ಮಳೆಗಾಲದಲ್ಲಿ ನಮ್ಮನ್ನು ಮುಳುಗಿಸಲಿಕ್ಕಾ?” ಎಂದು ಕೇಳಿದ್ದ. ಸೇತುವೆಗಳ ಕಾಲ ಬಂದ ಮೇಲೆ ಅದ್ರಾಮ ಹುಟ್ಟು ಬಿಟ್ಟು ಆಟೊ ಹಿಡಿದ. ಅವನ ನಾಲಗೆ ಮಾತ್ರ ದೋಣಿಯಲ್ಲಿಯೇ ಉಳಿಯಿತು.

ದುಗ್ಗಮ್ಮ ಅಜ್ಜಾವರದಿಂದ ಮದುವೆಯಾಗಿ ಬಂದವಳು. ಬಂದ ತಿಂಗಳಲ್ಲೇ ಚಿತ್ರ ಸಂಸ್ಕರಿಸುವ ಹೈಪೊ ದ್ರಾವಣದ ವಾಸನೆ ಅವಳ ಕೈಗೆ ಹತ್ತಿತು, ಮತ್ತೆ ಹೋಗಲಿಲ್ಲ. ಗಂಡ ಕತ್ತಲೆಕೋಣೆಯಲ್ಲಿ ಮುದ್ರಿಸಿದ ಚಿತ್ರಗಳನ್ನು ನೀರಿನ ತಟ್ಟೆಯಲ್ಲಿ ತೊಳೆದು, ಗಾಜಿಗೆ ಅಂಟಿಸಿ ಒಣಗಿಸಿ, ಅಂಚು ಕತ್ತರಿಸಿ ಕೊಡುವುದು ಅವಳ ಕೆಲಸ. ಸಂಗಮಕ್ಕೆ ಚಿತಾಭಸ್ಮ ಬಿಡಲು ಸುಳ್ಯದಿಂದಲೂ ಕಡಬದಿಂದಲೂ ಬರುವವರು ಬೂದಿಯ ಕುಡಿಕೆಯ ಜೊತೆಗೆ ಒಂದು ಹಳೆಯ ಗುಂಪುಚಿತ್ರವನ್ನೂ ತರುತ್ತಿದ್ದರು. ಅದರೊಳಗಿನ ಒಂದು ತಲೆಯನ್ನು ದೊಡ್ಡದು ಮಾಡಿ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನಕ್ಕೆ ಚೌಕಟ್ಟು ಹಾಕಿಸಿ ಕೊಡಬೇಕಿತ್ತು. ಪದ್ಮಯ್ಯ ಸೂಜಿಮೊನೆಯ ಚಾಕುವಿನಿಂದಲೂ ಪೆನ್ಸಿಲಿನಿಂದಲೂ ನೆಗೆಟಿವಿನ ಮೇಲೆ ಕೆಲಸ ಮಾಡಿ ಮಸುಕಾದ ಕಣ್ಣಿಗೆ ಹೊಳಪು ತರುತ್ತಿದ್ದ, ತುಟಿಗೆ ಗೆರೆ ಕೊಡುತ್ತಿದ್ದ. ಅಪರಿಚಿತರ ಸತ್ತ ಮುಖಗಳನ್ನು ತೊಳೆದು ಒಣಗಿಸಿದವಳು ದುಗ್ಗಮ್ಮ. ಪೇಟೆಯವರು ಅವಳನ್ನು ‘ಸ್ಟುಡಿಯೊದಕ್ಕ’ ಎಂದರು.

ಕ್ಯಾಲೆಂಡರಿನ ಸಂಗತಿ ಶುರುವಾದದ್ದು ಮದುವೆಯಾದ ಮರುವರ್ಷ. ಜವುಳಿ ಅಂಗಡಿಯ ದೊಡ್ಡ ಶೆಟ್ಟರು, ದೇವರ ಚಿತ್ರದ ಕ್ಯಾಲೆಂಡರು ಎಲ್ಲರೂ ಕೊಡುತ್ತಾರೆ, ನಮಗೆ ನಮ್ಮ ಊರಿನ ಚಿತ್ರವೇ ಬೇಕು ಎಂದರು. ಪದ್ಮಯ್ಯ ಹೊಳೆಯ ಆಚೆ ದಡ, ನೆಕ್ಕಿಲಾಡಿ ಕಡೆಯ ಚಪ್ಪಟೆ ಬಂಡೆಯ ಮೇಲೆ ಕ್ಯಾಮೆರಾ ಇಟ್ಟು ನೋಡಿದ. ಸರಿಬರಲಿಲ್ಲ.

“ಒಬ್ಬರು ನಿಲ್ಲಬೇಕು,” ಅಂದ. “ಮನುಷ್ಯ ಇಲ್ಲದಿದ್ದರೆ ಹೊಳೆ ಎಷ್ಟು ಅಗಲ, ಮೆಟ್ಟಿಲು ಎಷ್ಟು ಎತ್ತರ ಅಂತ ಹೇಗೆ ಗೊತ್ತಾಗುದು? ಅಳತೆಗೆ ಒಬ್ಬರು ಬೇಕು.”

“ಅಳತೆಗೆ ನಾನಾ?” ಅಂದಳು ದುಗ್ಗಮ್ಮ. “ನಾನು ಗಿಡ್ಡ. ಹೊಳೆ ಸುಮ್ಮನೆ ದೊಡ್ಡದಾದೀತು.”

ಆಗೆಲ್ಲ ಚಳಿಗಾಲಕ್ಕೆ ಹೊಳೆಯ ನಡುವೆ ಮರಳು ಏಳುತ್ತಿತ್ತು. ಅದ್ರಾಮ ಅವಳನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ಮರಳಿನ ಮೇಲೆ ಇಳಿಸಿದ. ಹೊತ್ತು ಇಳಿಯುತ್ತಿತ್ತು, ಪಡುವಣದ ಬಿಸಿಲು ಊರಿನ ಮೇಲೂ ಅವಳ ಮುಖದ ಮೇಲೂ ಹಳದಿಯಾಗಿ ಬಿದ್ದಿತ್ತು. ಕೊಡಪಾನ ಹಿಡಿದು ನಿಂತವಳಿಗೆ ದೋಣಿಯಿಂದ ಅದ್ರಾಮ, “ದುಗ್ಗಕ್ಕ, ಕೊಡಪಾನಕ್ಕೆ ಸ್ವಲ್ಪ ನೀರಾದರೂ ಹಾಕಿ. ಖಾಲಿ ಕೊಡ ಹೊತ್ತುಕೊಂಡು ಇಷ್ಟು ಗತ್ತಿನಲ್ಲಿ ನಿಂತವರನ್ನು ನಾನು ಕಂಡದ್ದಿಲ್ಲ,” ಅಂದ. ಅವಳು ಕತ್ತು ತಿರುಗಿಸಿ ನಕ್ಕಳು. ಅದೇ ಕ್ಷಣಕ್ಕೆ ಪದ್ಮಯ್ಯ ಒತ್ತಿದ.

ಕ್ಯಾಲೆಂಡರಿನಲ್ಲಿ ಆ ಮುಖ ಕಡಲೆಬೇಳೆಯಷ್ಟಿತ್ತು. ಕಡಲೆಬೇಳೆಯಷ್ಟಾದರೂ ನಗು ಕಾಣುತ್ತಿತ್ತು. ಊರೆಲ್ಲ ಚಂದ ಎಂದಿತು. ಹೊಸ ವರ್ಷ ಕಳೆದು ಕೆಲವು ದಿನಕ್ಕೆ ಭಾವ ಬೆಳ್ಯಪ್ಪ ಕಲ್ಲುಗುಂಡಿಯಿಂದ ಬಸ್ಸು ಹತ್ತಿ ಬಂದ. ಒಳಗೆ ಬರಲಿಲ್ಲ. ಜಗಲಿಯಲ್ಲಿ ನಿಂತೇ ಹೇಳಿದ.

“ಗಡಂಗಿಗೆ ಹೋಗಿದ್ದೀಯಾ ನೀನು? ಅಲ್ಲಿ ಗೋಡೆಯಲ್ಲಿ ನಿನ್ನ ಹೆಂಡತಿ ನೇತಾಡ್ತಾ ಉಂಟು. ಕುಡಿದವರು ಅವಳ ನಗೆ ನೋಡಿಕೊಂಡು ಗ್ಲಾಸು ಎತ್ತುದು. ನನ್ನ ಕಣ್ಣಾರೆ ಕಂಡದ್ದು.”

ನೀರು ಕೊಡಲು ಚೊಂಬು ಹಿಡಿದು ಬಾಗಿಲಿಗೆ ಬಂದ ದುಗ್ಗಮ್ಮ ಅಲ್ಲಿಯೇ ನಿಂತಳು. ಬೆಳ್ಯಪ್ಪ ನೀರು ಮುಟ್ಟದೆ ಹೋದ.

ಹಂಚಿದ ಕ್ಯಾಲೆಂಡರು ಹಿಂದಕ್ಕೆ ಬರುವುದಿಲ್ಲ. ಆದರೆ ದೊಡ್ಡ ಶೆಟ್ಟರು ಅದೇ ಚಿತ್ರವನ್ನು ಅಂಗಡಿಯ ಗೋಡೆಗೆಂದು ದೊಡ್ಡದಾಗಿ ಕೇಳಿದ್ದರು. ಅದನ್ನು ಪದ್ಮಯ್ಯ ಮುದ್ರಿಸಿದ್ದು ಆ ವಾರವೇ. ದುಗ್ಗಮ್ಮ ಎಂದಿನಂತೆ ತಟ್ಟೆಯ ಮುಂದೆ ಕೂತು ಕಾಗದವನ್ನು ನೀರಿನಲ್ಲಿ ತೂಗಿದಳು. ಹೊಳೆ ಇತ್ತು, ಮರಳಿತ್ತು, ಸಂಜೆಯ ಬಿಸಿಲು ಇತ್ತು, ಕೊಡಪಾನ ಹಿಡಿದ ಅವಳ ಕೈಯೂ ಇತ್ತು. ಮುಖ ಇರಲಿಲ್ಲ. ಮುಖ ಇದ್ದಲ್ಲಿ ಕಪ್ಪು ಕೂದಲಿತ್ತು. ನೆಗೆಟಿವಿನಲ್ಲಿ ಬೆಳಕು ಬಿದ್ದ ಮುಖ ದಪ್ಪ ಪದರವಾಗಿ ಕೂತಿರುತ್ತದೆ. ಅದನ್ನು ಚಾಕುವಿನಿಂದ ಕೆರೆದು ತೆಗೆದರೆ ಕಾಗದದ ಮೇಲೆ ಆ ಜಾಗ ಕಪ್ಪಾಗುತ್ತದೆ. ಇಷ್ಟು ಅವಳೂ ಕಲಿತಿದ್ದಳು. ಮರಳಿನ ಮೇಲೆ ನಕ್ಕ ಹುಡುಗಿ ಬೆನ್ನು ತಿರುಗಿಸಿ ನಿಂತಿದ್ದಳು.

ಪದ್ಮಯ್ಯ ಹಿಂದೆ ನಿಂತಿದ್ದ.

“ಅಣ್ಣ ಬಂದಿದ್ದನಲ್ಲ,” ಅಂದ.

“ಹೂಂ,” ಅಂದಳು.

ಮರುದಿನ ಬೆಳಿಗ್ಗೆ ಅವಳು ಕೆಲಸದ ಮೇಜು ಒರೆಸುವಾಗ ನೆಗೆಟಿವ್ ಇಟ್ಟು ತಿದ್ದುವ ದೀಪದ ಗಾಜಿನ ಮೇಲೆ ಚೂರು ಬೂದುಬಣ್ಣದ ಧೂಳು ಕಂಡಿತು. ಉಸಿರು ಬಿಟ್ಟರೆ ಹಾರುವಷ್ಟು. ಅವಳು ಸೆರಗಿನ ತುದಿಯಿಂದ ಅದನ್ನು ಒರೆಸಿದಳು. ಆ ದಿನ ಎಷ್ಟೋ ಹೊತ್ತು ಆ ಸೆರಗಿನ ತುದಿಯನ್ನು ಎಲ್ಲಿಗೂ ತಾಗದಂತೆ ಹಿಡಿದುಕೊಂಡಿದ್ದಳು.

ಮುಂದಿನ ವರ್ಷದಿಂದ ಪದ್ಮಯ್ಯ ಸಂಜೆಯ ಚಿತ್ರ ತೆಗೆಯಲಿಲ್ಲ. ಚಳಿಗಾಲದ ಬೆಳಿಗ್ಗೆ, ಊರಿನ ಹಿಂದಿನಿಂದ ಸೂರ್ಯ ಏಳುವ ಹೊತ್ತಿಗೆ ಮಾತ್ರ ತೆಗೆದ. ಬೆಳಕು ಎದುರಿನಿಂದ ಬರುವಾಗ ದೇವಸ್ಥಾನ, ಮರ, ಮನುಷ್ಯ ಎಲ್ಲ ಕಪ್ಪು ಆಕಾರಗಳಾಗುತ್ತವೆ. ಯಾರ ಮುಖವೂ ಯಾರಿಗೂ ಸಿಗುವುದಿಲ್ಲ. ಸಾಲದ್ದಕ್ಕೆ, “ಊರು ನೋಡಿಕೊಂಡು ನಿಲ್ಲು,” ಎಂದು ಅವಳನ್ನು ತಿರುಗಿಸಿ ನಿಲ್ಲಿಸಿದ. ಪದ್ಮಯ್ಯನ ಬೆಳಗಿನ ಚಿತ್ರಗಳು ಹೆಸರಾದವು. ಮಂಜನ್ನು ಹೀಗೆ ಹಿಡಿಯುವ ಕೈ ಜಿಲ್ಲೆಯಲ್ಲೇ ಇಲ್ಲ ಅಂದರು. ಅವನಿಗೆ ಬೆಳಗಿನ ಮೇಲೆ ಯಾಕೆ ಮೋಹ ಎಂದು ಯಾರೋ ಸನ್ಮಾನದ ಸಭೆಯಲ್ಲಿ ಕೇಳಿದಾಗ ಅವನು ಶಾಲು ಸರಿಮಾಡಿಕೊಂಡ. ಹೆಂಗಸರ ಸಾಲಿನಲ್ಲಿ ಕೂತಿದ್ದ ದುಗ್ಗಮ್ಮ ತನ್ನ ಕಾಲುಂಗುರ ನೋಡಿಕೊಂಡಳು.

ಅವಳ ಮುಖದ ಚಿತ್ರಗಳೇ ಇಲ್ಲ ಎಂದಲ್ಲ. ವೋಟಿನ ಕಾರ್ಡಿನಲ್ಲಿ ಉಂಟು, ಮಗಳು ಭವಿತಾಳ ಮೊಬೈಲಿನಲ್ಲಿ ಬೇಕಾದಷ್ಟು ಉಂಟು. ಅವು ಬೇರೆಯವರು ತೆಗೆದದ್ದು. ಊರಿನವರ ಮದುವೆ, ನಾಮಕರಣ, ಸಾವು ಎಲ್ಲಕ್ಕೂ ಕ್ಯಾಮೆರಾ ಎತ್ತಿದ ಪದ್ಮಯ್ಯ ಮರಳಿನ ಆ ಸಂಜೆಯ ನಂತರ ಹೆಂಡತಿಯ ಮುಖದ ಕಡೆಗೆ ಕ್ಯಾಮೆರಾ ತಿರುಗಿಸಲೇ ಇಲ್ಲ. ಅದು ನಾಚಿಕೆಯೋ ಅಭ್ಯಾಸವೋ ಅವಳಿಗೆ ತಿಳಿಯದು. ಅವಳು ಕೇಳಲಿಲ್ಲ. ಕೇಳಿದರೆ ಆ ಧೂಳಿನ ಮಾತು ಬರುತ್ತಿತ್ತು. ಆ ಮಾತು ಬಾರದ ಹಾಗೆ ಇಬ್ಬರೂ ಅಷ್ಟು ವರ್ಷ ಒಂದೇ ಮನೆಯಲ್ಲಿ ಎಚ್ಚರಿಕೆಯಿಂದ ಓಡಾಡಿದರು. ಬೆಳ್ಯಪ್ಪ ತೀರಿಹೋದ ಮೇಲೂ ಅದು ಹಾಗೆಯೇ ಉಳಿಯಿತು.

ಕಳೆದ ಮಳೆಗಾಲದಲ್ಲಿ ಪದ್ಮಯ್ಯ ಮನೆಯ ಹೊಸ್ತಿಲು ಎಡವಿದ. ಒಂದು ವಾರಕ್ಕೆ ಮತ್ತೊಮ್ಮೆ ಎಡವಿದ. ಪುತ್ತೂರಿನ ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿ, ಬಲಗಣ್ಣು ಆಗಲೇ ಹೋಗಿದೆ, ಎಡಗಣ್ಣಿನ ಬದಿಗಳು ಹೋಗಿವೆ, ನಡುವೆ ಉಳಿದದ್ದನ್ನು ಔಷಧಿ ಸ್ವಲ್ಪ ದಿನ ಕಾದೀತು ಎಂದರು. ಹೋದದ್ದು ಬರುವುದಿಲ್ಲ ಎಂದೂ ಹೇಳಿದರು. ಬಸ್ಸಿನಲ್ಲಿ ಹಿಂದೆ ಬರುವಾಗ ಪದ್ಮಯ್ಯ ಮುಷ್ಟಿಯನ್ನು ಕೊಳವೆಯ ಹಾಗೆ ಮಾಡಿ ಕಣ್ಣಿಗೆ ಹಿಡಿದ.

“ಪಪ್ಪಾಯಿ ದಂಟಿನೊಳಗಿಂದ ನೋಡಿದ ಹಾಗೆ ಕಾಣುದು,” ಅಂದ. “ಕ್ಯಾಮೆರಾದವನಿಗೆ ಅಷ್ಟು ಸಾಕು. ಇನ್ನೊಂದು ಕ್ಯಾಲೆಂಡರು ಆದೀತು.”

ದುಗ್ಗಮ್ಮ ಕಿಟಕಿಯ ಕಡೆ ನೋಡುತ್ತ ಕೂತಿದ್ದಳು. ಇನ್ನೊಂದು ಆದೀತು ಎಂಬ ಮಾತು ಅವಳ ಎದೆಯಲ್ಲಿ ಬೇರೆಯೇ ರೀತಿಯಲ್ಲಿ ಇಳಿಯಿತು. ಇನ್ನೊಂದೇ ಆದೀತು. ಆ ಒಂದರಲ್ಲಿ ತನ್ನ ಮುಖ ಇರಬೇಕು. ಗೋಡೆಗಾಗಿ ಅಲ್ಲ, ಮಗಳಿಗಾಗಿಯೂ ಅಲ್ಲ. ಅವನ ಕಣ್ಣು ಮುಚ್ಚುವ ಮೊದಲು, ಅವನ ಕೈಯಿಂದ, ಒಂದು ಸಲ. ಕೆರೆದು ತೆಗೆದವನೇ ತಿರುಗಿ ಕೊಡಬೇಕು.

ಹಾಗೆಂದು ಅವಳು ಅವನಿಗೆ ಹೇಳಲಿಲ್ಲ. ಮನಸ್ಸಿನಲ್ಲಿ ಲೆಕ್ಕ ಹಾಕಿದಳು. ಬೆಳಗಿನ ಸೂರ್ಯ ಊರಿನ ಹಿಂದಿನಿಂದ ಬರುತ್ತಾನೆ. ಅವಳು ಹೊಳೆಯ ಕಡೆ ತಿರುಗಿ ನಿಂತರೂ ಮುಖ ಕಪ್ಪೇ ಬಿದ್ದೀತು. ಆದರೆ ಹಿಂದೊಮ್ಮೆ ಪದ್ಮಯ್ಯನೇ ಹೇಳಿದ್ದ: ದಟ್ಟ ಮಂಜಿರುವಾಗ ಬೆಳಕಿಗೆ ದಿಕ್ಕಿಲ್ಲ, ಎದುರೂ ಇಲ್ಲ ಹಿಂದೂ ಇಲ್ಲ, ಆಗ ಮುಖ ಮೂಗು ಎಲ್ಲ ಸಮನಾಗಿ ಬೀಳುತ್ತದೆ. ಮಂಜು ಹರಿಯುವ ಮೊದಲು ಅವನು ಒತ್ತಿದರೆ ಸಾಕು.

ಡಿಸೆಂಬರ್ ಮೊದಲ ವಾರ ಜವುಳಿ ಅಂಗಡಿಯ ಸರ್ವೋತ್ತಮ ಬಂದ. ದೊಡ್ಡ ಶೆಟ್ಟರ ಮಗ. ಅಪ್ಪನ ಕಾಲದ ಪದ್ಧತಿಯನ್ನು ಬಿಟ್ಟಿರಲಿಲ್ಲ.

“ಪದ್ಮಯ್ಯಣ್ಣ, ಕಷ್ಟ ಆಗುದಾದರೆ ಬೇಡ. ಈಗ ಡ್ರೋನು ಉಂಟು. ಮೇಲಿನಿಂದ ಎರಡೂ ಹೊಳೆ ಒಟ್ಟಿಗೆ ತೆಗೀತದೆ.”

“ಮೇಲಿನಿಂದ ನೋಡಲಿಕ್ಕೆ ನಿನ್ನ ಅಂಗಡಿಗೆ ಗಿಡುಗ ಬರುದಾ ಸೀರೆ ತೆಗೀಲಿಕ್ಕೆ?” ಅಂದ ಪದ್ಮಯ್ಯ. “ಮನುಷ್ಯ ದಡದಲ್ಲಿ ನಿಂತು ನೋಡುದು. ನಾಡಿದ್ದು ತೆಗೆದು ಕೊಡ್ತೇನೆ.”

ಸರ್ವೋತ್ತಮ ನಗುತ್ತ ದುಗ್ಗಮ್ಮನನ್ನು ನೋಡಿದ. ಅವಳೂ ನಕ್ಕಳು, ನೆಲ ನೋಡಿ.

ಆ ಬೆಳಿಗ್ಗೆ ಮಂಜು ಅವಳು ಬೇಡಿಕೊಂಡಷ್ಟೇ ದಟ್ಟವಾಗಿತ್ತು. ಅದ್ರಾಮನ ಆಟೊದ ದೀಪ ಎರಡು ಮಾರು ದೂರವನ್ನೂ ಬೆಳಗುತ್ತಿರಲಿಲ್ಲ. ಕುಮಾರಧಾರೆಯ ಸೇತುವೆ ದಾಟುವಾಗ ಕೆಳಗೆ ಹೊಳೆ ಇತ್ತೆಂದು ಚಳಿಯಿಂದ ತಿಳಿಯಬೇಕಿತ್ತು.

“ಪದ್ಮಯ್ಯ, ನಿನಗೆ ಕಾಣುದಿಲ್ಲ, ನನಗೆ ಪೊರೆ ಬಂದಿದೆ,” ಅಂದ ಅದ್ರಾಮ. “ದುಗ್ಗಕ್ಕ, ಒಟ್ಟು ಈ ಆಟೊದಲ್ಲಿ ಕಣ್ಣಿರುದು ನಿಮಗೊಬ್ಬರಿಗೆ. ಹೊಳೆ ಬಂದರೆ ಹೇಳಿ ಮಾರಾಯ್ರೆ.”

“ಹೊಳೆ ಬಂದರೆ ನೀನು ಹುಟ್ಟು ಹಾಕು,” ಅಂದ ಪದ್ಮಯ್ಯ.

ಚಪ್ಪಟೆ ಬಂಡೆಯ ಮೇಲೆ ಸ್ಟ್ಯಾಂಡಿನ ಮೂರು ಕಾಲು ಊರುವ ಕುಳಿಗಳು ಅವನ ಕೈಗೆ ಗೊತ್ತಿದ್ದವು. ತಡವಿ ಊರಿದ. ಕ್ಯಾಮೆರಾ ಕೂರಿಸಿ ಕಣ್ಣಿಟ್ಟು, ಬಹಳ ಹೊತ್ತು ಅತ್ತಿತ್ತ ತಿರುಗಿಸಿ, ಕೊನೆಗೆ ಹಿಂದೆ ಸರಿದ.

“ನೋಡು ಒಮ್ಮೆ. ಮೆಟ್ಟಿಲು ನಡುವಿಗೆ ಉಂಟಾ?”

ಇಷ್ಟು ವರ್ಷದಲ್ಲಿ ಅವಳು ಆ ಕಿಂಡಿಯೊಳಗೆ ನೋಡಿದ್ದು ಅದೇ ಮೊದಲು. ಬಿಳಿ ಬಿಟ್ಟು ಏನೂ ಇರಲಿಲ್ಲ. ಆಮೇಲೆ ಬಿಳಿಯೊಳಗೆ ದೇವಸ್ಥಾನದ ಮಾಡಿನ ಅಂಚು, ಅದರ ಕೆಳಗೆ ಮೆಟ್ಟಿಲುಗಳ ಬೂದು ಗೆರೆಗಳು ಮೂಡಿದವು. ಮೆಟ್ಟಿಲು ಖಾಲಿಯಾಗಿತ್ತು. ಅವಳು ನಿಲ್ಲುವ ಜಾಗ ಎಷ್ಟು ದೂರ, ಎಷ್ಟು ಚಿಕ್ಕದು. ಪ್ರತಿ ಚಳಿಗಾಲ ಅವನು ತನ್ನನ್ನು ಇಟ್ಟು ನೋಡಿದ್ದು ಇಷ್ಟು ದೂರದಲ್ಲೇ ಎಂದು ಅವಳಿಗೆ ಅನಿಸಿತು.

“ನಡುವಿಗೆ ಉಂಟು,” ಅಂದಳು. “ಮಂಜಿನಲ್ಲೇ ತೆಗೆಯುದಲ್ಲ? ಹೀಗೆಯೇ ಚಂದ ಕಾಣುದು.”

“ನೋಡುವ. ನೀನು ಹೋಗಿ ನಿಲ್ಲು. ಟವೆಲು ಎತ್ತಿ ಹಿಡಿದಿರ್ತೇನೆ, ಆದಾಗ ಕೆಳಗಿಳಿಸ್ತೇನೆ.”

ಅವನು ಹೇಳಿದ್ದಕ್ಕೆಂದು ಅವಳು ಕೆಂಪು ಸೀರೆ ಉಟ್ಟಿದ್ದಳು. ಕೆಂಪಾದರೆ ಹುಡುಕಲು ಸುಲಭ. ಅದ್ರಾಮ ಅವಳನ್ನು ಪೇಟೆಯ ಕಡೆ ದೇವಸ್ಥಾನದ ಹತ್ತಿರ ಬಿಟ್ಟು, ಪದ್ಮಯ್ಯನೊಬ್ಬನೇ ಇದ್ದಾನೆಂದು ಕೂಡಲೇ ತಿರುಗಿ ಹೋದ.

ಮೆಟ್ಟಿಲಲ್ಲಿ ಒಂದು ಮನೆಯವರು ಬೂದಿ ಬಿಡಲು ಬಂದಿದ್ದರು. ತಲೆ ಬೋಳಿಸಿಕೊಂಡ ಮಗ ನೀರಿನಲ್ಲಿ ಮೊಣಕಾಲಿನವರೆಗೆ ನಿಂತಿದ್ದ. ದುಗ್ಗಮ್ಮ ಕೊಡಪಾನ ಹಿಡಿದು ಬದಿಯಲ್ಲಿ ಕಾದಳು. ಅವರು ಮೂರು ಸಲ ಮುಳುಗಿ, ಮೇಲೆ ಬಂದು, ಹಿಂತಿರುಗಿ ನೋಡದೆ ಹತ್ತಿ ಹೋದರು. ಹಿಂತಿರುಗಿ ನೋಡಬಾರದು ಎಂಬುದು ಪದ್ಧತಿ.

ಅವಳು ಇಳಿದಳು. ಹಿಂದೆ ನಿಲ್ಲುತ್ತಿದ್ದ ಮೆಟ್ಟಿಲುಗಳು ಈಗ ನೀರಿನೊಳಗಿವೆ. ಕೆಳಗೆಲ್ಲೋ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ಚಳಿಗಾಲದಲ್ಲೂ ಹೊಳೆ ತುಂಬಿಯೇ ಇರುತ್ತದೆ. ನಕ್ಕು ನಿಂತಿದ್ದ ಆ ಮರಳೂ ನೀರಿನ ಅಡಿಯಲ್ಲೆಲ್ಲೋ ಇದೆ. ನೀರಿಗೆ ತಾಗಿದ ಮೆಟ್ಟಿಲಿನ ಮೇಲೆ ಕೊಡಪಾನ ಸೊಂಟಕ್ಕಿಟ್ಟು ಅಭ್ಯಾಸದಂತೆ ಊರಿನ ಕಡೆ ನಿಂತಳು. ಒಂದು ಉಸಿರು ತೆಗೆದುಕೊಂಡಳು. ತಿರುಗಿದಳು.

ಎದುರಿಗೆ ಹೊಳೆ. ಆಚೆ ದಡವಿಲ್ಲ. ಅವನೂ ಇಲ್ಲ. ಬರೀ ಬಿಳಿ. ಆ ಬಿಳಿಯೊಳಗೆಲ್ಲೋ ಒಂದು ಕಣ್ಣು ಪಪ್ಪಾಯಿ ದಂಟಿನಷ್ಟು ಕಿಂಡಿಯಲ್ಲಿ ತನ್ನನ್ನು ಹುಡುಕುತ್ತಿದೆ. ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು. ನಗಬೇಕೇ ಎಂದು ಯೋಚಿಸಿದಳು. ತುಟಿ ಬಿಗಿದಿತ್ತು. ಅದ್ರಾಮನ ಹಳೆಯ ಮಾತು ನೆನಪಿಗೆ ಬಂತು. ಕೊಡಪಾನ ಇವತ್ತೂ ಖಾಲಿಯೇ. ಆಗ ನಗು ತಾನಾಗಿಯೇ ಬಂತು. ಒತ್ತಿ, ಎಂದಳು ಮನಸ್ಸಿನಲ್ಲಿ. ಬೆಳಕಿಗೆ ಈಗ ದಿಕ್ಕಿಲ್ಲ. ಮುಖ ಮೂಗು ಎಲ್ಲ ಸಮ ಉಂಟು. ಈಗ ಒತ್ತಿ.

ದೇವಸ್ಥಾನದಲ್ಲಿ ಗಂಟೆ ಬಡಿದು ನಿಂತಿತು. ಒಂದು ನೀರುಕಾಗೆ ನೀರಿನ ಮೇಲೆ ತಗ್ಗಿನಲ್ಲೇ ಹಾರಿಹೋಯಿತು. ನಗು ಹಿಡಿದು ನಿಂತ ಕೆನ್ನೆ ನೋಯತೊಡಗಿತು. ಅವನು ಯಾಕೆ ಕಾಯುತ್ತಿದ್ದಾನೆಂದು ಅವಳಿಗೆ ಗೊತ್ತು. ಅವನು ಪ್ರತಿವರ್ಷವೂ ಕಾಯುತ್ತಾನೆ. ಮಂಜು ಹರಿದು ಸೂರ್ಯ ಒಳಗೆ ಬೀಳುವ ಗಳಿಗೆಗೆ ಕಾಯುವುದೇ ಅವನ ಕೆಲಸ.

ಕುತ್ತಿಗೆಯ ಹಿಂದೆ, ತುರುಬಿನ ಕೆಳಗೆ, ಬೆಚ್ಚಗಾಯಿತು.

ಯಾರೋ ಹಿಂದಿನಿಂದ ಅಂಗೈ ಇಟ್ಟ ಹಾಗೆ. ಅವಳಿಗೆ ತಿಳಿಯಿತು. ಊರಿನ ಮಾಡುಗಳ ಮೇಲಿಂದ ಸೂರ್ಯ ಬಂದಿದ್ದ. ಮಂಜು ಹೊಳೆಯ ನಡುವೆ ಸೀಳಿ ಎರಡು ಕಡೆಗೆ ಸರಿಯಿತು. ಅವಳ ನೆರಳು ಮೆಟ್ಟಿಲಿನಿಂದ ಇಳಿದು ನೀರಿನ ಮೇಲೆ ಉದ್ದಕ್ಕೆ ಅವನ ಕಡೆಗೆ ಚಾಚಿತು. ಆಚೆ ದಡ ಕಾಣಿಸಿತು, ಬಂಡೆ ಕಾಣಿಸಿತು, ಬಂಡೆಯ ಮೇಲೆ ಬಾಗಿ ನಿಂತ ಕಡ್ಡಿಯಂತಹ ಪದ್ಮಯ್ಯ ಕಾಣಿಸಿದ. ಅವನ ಕೈಯ ಟವೆಲು ಕೆಳಗಿಳಿಯಿತು.

ಅವಳು ನಗುವನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದಳು, ಇನ್ನೊಂದು ಒತ್ತಿಯಾನೇನೋ ಎಂದು. ಅವನು ಕ್ಯಾಮೆರಾ ಬಿಚ್ಚತೊಡಗಿದ್ದ.

ಆಟೊದಲ್ಲಿ ಪದ್ಮಯ್ಯ ತುಂಬ ದಿನಗಳ ಮೇಲೆ ಉತ್ಸಾಹದಿಂದ ಮಾತಾಡಿದ. “ಸಿಕ್ಕಿತು. ಮಂಜು ಬಾಯಿಬಿಟ್ಟ ಗಳಿಗೆಗೇ ಸಿಕ್ಕಿತು. ನೀನು ಒಂದಿಷ್ಟೂ ಅಲ್ಲಾಡಲಿಲ್ಲ. ಇಷ್ಟು ವರ್ಷ ನಿಂತ ಹಾಗೆಯೇ ನಿಂತಿದ್ದಿ.”

ಅವಳು ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಳು.

ಅದ್ರಾಮ ಕನ್ನಡಿಯಲ್ಲಿ ಕೆಂಪಾದ ಅವಳ ಮುಖವನ್ನು ಒಮ್ಮೆ ನೋಡಿದ. “ಚಳಿ ಈ ಸಲ ಮುಖಕ್ಕೇ ಹೊಡೆದದ್ದಲ್ಲವಾ, ದುಗ್ಗಕ್ಕ?” ಅಂದ.

“ಮುಖಕ್ಕೆ ಹೇಗೆ ಹೊಡೆಯುದು?” ಅಂದ ಪದ್ಮಯ್ಯ. “ಗಾಳಿ ಬರುದು ಹೊಳೆಯಿಂದ. ಅವಳ ಬೆನ್ನಿಗೆ.”

“ಹೌದಲ್ಲ,” ಅಂದ ಅದ್ರಾಮ. “ನನ್ನ ಕಣ್ಣಿಗೆ ಪೊರೆ.” ಮನೆ ಬರುವವ‍ರೆಗೆ ರಸ್ತೆಯ ಮೇಲೆಯೇ ಕಣ್ಣಿಟ್ಟು ಆಟೊ ಓಡಿಸಿದ.

ಕ್ಯಾಲೆಂಡರು ಅಚ್ಚಾಗಿ ಬರುವ ಹೊತ್ತಿಗೆ ಪಪ್ಪಾಯಿ ದಂಟೂ ಮುಚ್ಚಿಕೊಂಡಿತ್ತು. ಬೆಳಕು ಎಲ್ಲಿದೆ, ಕತ್ತಲು ಎಲ್ಲಿದೆ ಎಂಬಷ್ಟು ಮಾತ್ರ ಪದ್ಮಯ್ಯನಿಗೆ ತಿಳಿಯುತ್ತಿತ್ತು. ಸರ್ವೋತ್ತಮ ಮೊದಲ ಪ್ರತಿಯನ್ನು ತಾನೇ ತಂದು ಜಗಲಿಯಲ್ಲಿ ಬಿಡಿಸಿದ. “ಎಲ್ಲದಕ್ಕಿಂತ ಇದೇ ಚಂದ ಆಗಿದೆ ಪದ್ಮಯ್ಯಣ್ಣ,” ಅಂದ. ಆಮೇಲೆ ತಮಾಷೆಗೆ, “ದುಗ್ಗಕ್ಕ ಈ ಸಲವೂ ನಮಗೆ ಮುಖ ತೋರಿಸಲಿಲ್ಲ, ಆಯಿತಾ?” ಎಂದ. ಚಾ ಕುಡಿದು ಹೋದ.

ದುಗ್ಗಮ್ಮ ನೋಡಿದಳು. ಮಂಜು ಎರಡು ಕಡೆಗೆ ಸರಿದ ಹೊಳೆ, ಚಿನ್ನದ ಅಂಚಿನ ಮಾಡು, ಮೆಟ್ಟಿಲು. ಮೆಟ್ಟಿಲಿನ ಮೇಲೆ ಕಪ್ಪು ಆಕಾರ. ಸೀರೆಯ ಕೆಂಪೂ ಅಂಚಿನಲ್ಲಿ ಒಂದು ಎಳೆ ಮಾತ್ರ. ತಲೆ ಒಂದು ಕಪ್ಪು ಬೊಟ್ಟು. ಅದು ಮುಖವೋ ತುರುಬೋ ಯಾರೂ ಹೇಳಲಾರರು. ನೀರಿನ ತಟ್ಟೆಯಲ್ಲಿ ಆ ದಿನ ಕಂಡದ್ದೇ ತಿರುಗಿ ಬಂದಿತ್ತು. ಈ ಸಲ ಚಾಕು ಬೇಕಾಗಿರಲಿಲ್ಲ.

“ನನಗೂ ತೋರಿಸು,” ಅಂದ ಪದ್ಮಯ್ಯ.

ಅವಳು ಪಕ್ಕದಲ್ಲಿ ಕೂತು ಅವನ ತೋರುಬೆರಳನ್ನು ಹಿಡಿದು ಕಾಗದದ ಮೇಲೆ ನಡೆಸಿದಳು. “ಇದು ಮಾಡು. ಇದು ಅಶ್ವತ್ಥಮರ. ಇಲ್ಲಿಂದ ಇಲ್ಲಿಗೆ ಮಂಜು. ಇದು ಮೆಟ್ಟಿಲು.” ಬೆರಳು ಕಪ್ಪು ಬೊಟ್ಟಿಗೆ ಬಂದು ನಿಂತಿತು. “ಇದು ನಾನು.”

“ಊರು ನೋಡಿಕೊಂಡು ನಿಂತಿದ್ದಿ.”

ಹೌದು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹಾಗೆ ಮುಗಿಸುತ್ತಲೇ ಬಂದವಳು ಅವಳು. ಬೀದಿಯಲ್ಲಿ ಒಂದು ಬಸ್ಸು ಹೋಯಿತು. ಅದರ ಸದ್ದು ಪೂರ್ತಿ ಆರುವವರೆಗೆ ಕಾದಳು.

“ಹೊಳೆ ನೋಡಿಕೊಂಡು,” ಅಂದಳು.

ಪದ್ಮಯ್ಯನ ಬೆರಳು ಕದಲಲಿಲ್ಲ. ಹೊಳೆ ನೋಡಿಕೊಂಡು ಎಂದರೆ ಯಾರನ್ನು ಎಂದು ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಆ ಮೆಟ್ಟಿಲು, ಆ ಬಂಡೆ, ಆ ಬೆಳಕು ಎಲ್ಲ ಅವನ ತಲೆಯೊಳಗೆ ಕಣ್ಣಿಲ್ಲದೆಯೂ ಇದ್ದವು.

“ಆ ಬೆಳಕಿನಲ್ಲಿ ಬಂದಿರಲಿಕ್ಕಿಲ್ಲ,” ಅಂದ ಕೊನೆಗೆ.

“ಬರಲಿಲ್ಲ.”

“ಮಂಜಿರುವಾಗ ಒತ್ತಿದ್ದರೆ ಬರ್ತಿತ್ತು.”

“ಹೌದು.”

“ಒಂದು ಮಾತು ಹೇಳಬಾರದಿತ್ತಾ?”

ಜಗಲಿಯ ಬಿಸಿಲು ಇಳಿದು ಅವನ ಮೊಣಕಾಲಿಗೆ ಬಂತು. ಪಡುವಣದ ಬಿಸಿಲು, ಹಳದಿ. ಅವಳ ಮುಖದ ಮೇಲೂ ಬಿದ್ದಿತ್ತು. ಪದ್ಮಯ್ಯ ಬೆಚ್ಚಗಾದ ಕಡೆಗೆ ತಲೆ ಎತ್ತಿ, ಅವಳಿದ್ದ ದಿಕ್ಕಿಗಿಂತ ತುಸು ಆಚೆ ನೋಡಿದ.

ಆಗ ಅವನ ಹೆಬ್ಬೆರಳಿನ ಉಗುರು ಕಾಗದದ ಮೇಲೆ ಮೆಲ್ಲನೆ ಆಡತೊಡಗಿದ್ದು ಅವಳಿಗೆ ಕಾಣಿಸಿತು. ಅದೇ ಕಪ್ಪು ಬೊಟ್ಟಿನ ಮೇಲೆ, ಬಹಳ ನಾಜೂಕಾಗಿ, ನೆಗೆಟಿವಿನ ಮೇಲೆ ಚಾಕು ಹಿಡಿದ ಹಳೆಯ ಕೈಯ ಹಾಗೆ. ಕಪ್ಪನ್ನು ತೆಗೆದರೆ ಅಡಿಯಲ್ಲಿ ಮುಖ ಸಿಕ್ಕೀತೆಂಬಂತೆ ಅವನು ಕೆರೆಯುತ್ತಿದ್ದ. ಕಾಗದದ ಬಣ್ಣ ಎದ್ದು ಪುಡಿಯಾಗಿ ಅವನ ಪಂಚೆಯ ಮೇಲೆ ಉದುರಿತು.

ದುಗ್ಗಮ್ಮ ಆ ಕೈಯನ್ನು ಹಿಡಿದುಕೊಂಡಳು.

“ಸಾಕು,” ಅಂದಳು. “ಇನ್ನು ಕೆರೆಯಬೇಡಿ.”